ಮಾದಾಪುರದಿಂದ ಭಾಲ್ಕಿಗೆ: ಇಬ್ಬರಿಗೆ ಇಪ್ಪತ್ತು ಸಾವಿರ

ಮಾದಾಪುರ ಎಂದರೆ ಕೊಡಗಿನವರಿಗೆ ಸೋಮವಾರಪೇಟೆ ತಾಲ್ಲೂಕಿನ ಊರು ನೆನಪಾಗುತ್ತದೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮಂಥವರಿಗೆ ಮಾದಾಪುರ ಎಂದರೆ ಹೈದರಾಬಾದಿನದೇ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಬಂಡೆಗಲ್ಲುಗಳ ಈ ಜಾಗ ಹೈಟೆಕ್ ಸಿಟಿ ಆಯಿತು. ಅಯ್ಯಪ್ಪ ಸೊಸೈಟಿಯ ಗಲ್ಲಿಗಳಲ್ಲಿ ಈಗ ಎಲ್ಲಿ ನೋಡಿದರೂ ಹಾಸ್ಟೆಲ್ ಬೋರ್ಡು. ಅಲ್ಲಿನ ಯಾವುದಾದರೂ ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ತೆಲುಗು, ಹಿಂದಿಯ ನಡುವೆ ‘ಯಾವೂರ್ರಿ ನಿಮ್ದು?’ ಅನ್ನುವ ಮಾತು ಕಿವಿಗೆ ಬೀಳುತ್ತದೆ.

1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬದಲಾಯಿತು, ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರಿಗೆ ಹೆಚ್ಚು ಕಡಿಮೆ 700 ಕಿಲೋಮೀಟರ್. ಹೈದರಾಬಾದಿಗೆ 140ರ ಆಸುಪಾಸು. ನನ್ನೂರು ಭಾಲ್ಕಿ ಬೀದರ್ ದಾಟಿ ಇನ್ನು 40 ಕಿಲೋಮೀಟರ್. ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ನಾವು ಬಹಳ ಜನ ಬೈಕ್ ಹತ್ತುತ್ತೇವೆ. ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಇರುವ ನಿಮ್ಮಲ್ಲೂ ಹೀಗೆ ಊರಿಗೆ ಹೋಗಿ ಬರುವವರು ಇದ್ದೀರಿ. ಈ ಬರಹ ಅವರಿಗಾಗಿ.

ನಮ್ಮ ಹಾಸ್ಟೆಲಿನ ಔರಾದ್ ಕಡೆಯ ಹುಡುಗನೊಬ್ಬ ಜಹೀರಾಬಾದ್ ಹತ್ತಿರ ಬಿದ್ದ. ವೇಗ ಹೆಚ್ಚಿರಲಿಲ್ಲ, ರಸ್ತೆಯ ಅಂಚಿನ ಮರಳಿನ ಮೇಲೆ ಮುಂದಿನ ಚಕ್ರ ಜಾರಿತು. ತಲೆಗೆ ಒಳ್ಳೆಯ ಹೆಲ್ಮೆಟ್ ಇತ್ತು, ಮೈಮೇಲೆ ಜಾಕೆಟ್ಟೂ ಇತ್ತು. ಕಾಲಲ್ಲಿ ಮಾತ್ರ ಓಡುವ ಬೂಟು. ಗಾಡಿ ಪಾದದ ಮೇಲೆ ಬಿತ್ತು, ಬೂಟು ಕಳಚಿ ಹಾರಿತು, ಹರಡು ಮುರಿಯಿತು. ಅಂಗೈ ಸಿಪ್ಪೆ ಸುಲಿದಂತೆ ಸುಲಿದಿತ್ತು. ಎರಡು ತಿಂಗಳು ಹಾಸಿಗೆ. ಗುತ್ತಿಗೆಯ ಕೆಲಸ, ಆ ಎರಡು ತಿಂಗಳ ಸಂಬಳವಿಲ್ಲ. ಅವನ ದುಡ್ಡಿನ ಮೇಲೆ ಊರಲ್ಲಿ ಮೂರು ಜನರ ಊಟ ನಡೆಯುತ್ತಿತ್ತು.

ಆ ವರ್ಷದ ಬೋನಸ್ಸಿನಲ್ಲಿ ನಾನು 20,000 ರೂಪಾಯಿ ತೆಗೆದಿಟ್ಟೆ. ಕೊಂಡಾಪುರದಲ್ಲಿ ಕೆಲಸ ಮಾಡುವ ತಂಗಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಮೊದಲ ಅಂಗಡಿಯಲ್ಲೇ ಕಣ್ಣು ಕುಕ್ಕುವ ಜಾಕೆಟ್ಟೊಂದು ನೇತಾಡುತ್ತಿತ್ತು. ಬೆಲೆ 14,000. ತಂಗಿ ಅದನ್ನು ಮುಟ್ಟಿ ನೋಡಿ, ‘ಅಣ್ಣಾ, ನೀ ಬಿದ್ರ ನಿನಗ ಜಾಕೆಟ್ ಅದ. ಹಿಂದ ಕುಂತ ನಾ ಬಿದ್ರ ನನಗೇನು, ಚೂಡಿದಾರಾ?’ ಅಂದಳು. ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ನಕ್ಕ. ಲೆಕ್ಕ ಅಲ್ಲಿಗೇ ತೀರ್ಮಾನವಾಯಿತು: ಗಾಡಿಯ ಮೇಲೆ ಇಬ್ಬರಿದ್ದರೆ ಬಜೆಟ್ಟೂ ಇಬ್ಬರದು. ಒಬ್ಬರಿಗೆ ಶ್ರೇಷ್ಠವಾದದ್ದಕ್ಕಿಂತ ಇಬ್ಬರಿಗೂ ಸಾಕಾಗುವಂಥದ್ದು ಮೇಲು.

ಸಾಕಾಗುವಂಥದ್ದು ಯಾವುದು ಎಂದು ತಿಳಿಯಲು ದಾರಿಯನ್ನು ನೋಡಬೇಕು. ನಮ್ಮದು ಮೂರು ತುಂಡಿನ ದಾರಿ. ಮಾದಾಪುರದಿಂದ ಕೊಂಡಾಪುರ, ಮಿಯಾಪುರ, ಬಿಎಚ್ಇಎಲ್ ಸರ್ಕಲ್, ಪಟಾನ್‌ಚೆರು ತನಕ ಸಿಗ್ನಲ್ಲು, ಹೊಗೆ, ಬಿಸಿಲು. ಔಟರ್ ರಿಂಗ್ ರೋಡಿನಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಊರೊಳಗಿನ ದಟ್ಟಣೆಯಲ್ಲೇ ನುಸುಳಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಇಲ್ಲಿ, ದಪ್ಪ ಬಟ್ಟೆಯ ಜಾಕೆಟ್ಟನ್ನು ಎಂಥವನೂ ಮೂರನೇ ಸಿಗ್ನಲ್ಲಿಗೆ ಬಿಚ್ಚಿ ಹಿಂದೆ ಕಟ್ಟುತ್ತಾನೆ. ಆಮೇಲೆ ರಾಷ್ಟ್ರೀಯ ಹೆದ್ದಾರಿ 65. ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್. ನೇರ ರಸ್ತೆ, ಲಾರಿಗಳು, ಪಕ್ಕದಿಂದ ತಳ್ಳುವ ಗಾಳಿ. ಜಹೀರಾಬಾದಿನಲ್ಲಿ ಹೆದ್ದಾರಿ ಬಿಟ್ಟು ಬೀದರಿನ ಕಡೆ ತಿರುಗಿದರೆ ಮೂರನೆಯ ತುಂಡು. ಅಲ್ಲಿಂದ ಮಣ್ಣು ಕೆಂಪಾಗುತ್ತ ಹೋಗುತ್ತದೆ, ಗಡಿ ದಾಟಿದಂತೆ ಬೋರ್ಡುಗಳು ಕನ್ನಡಕ್ಕೆ ಬರುತ್ತವೆ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಸಾಲು. ಹಿಂದೆ ದೀಪವಿದ್ದರೆ ನಿಮ್ಮ ಪುಣ್ಯ. ಚಳಿಗಾಲದ ಬೆಳಗ್ಗೆ ಬೀದರಿನ ಎತ್ತರದ ಬಯಲಲ್ಲಿ ಬೆರಳು ಸೆಟೆದುಕೊಳ್ಳುತ್ತವೆ.

ಇಂಥ ದಾರಿಗೆ ಬಲೆಬಟ್ಟೆಯ ಜಾಕೆಟ್ಟು, ಅಂದರೆ ಮೆಶ್ ಜಾಕೆಟ್ಟೇ ಸರಿ. ಎದೆ, ತೋಳಿನ ಭಾಗದಲ್ಲಿ ಗಾಳಿಯಾಡಬೇಕು. ಬಿದ್ದರೆ ಮೊದಲು ನೆಲಕ್ಕೆ ತಾಗುವ ಭುಜ, ಮೊಣಕೈಗಳಲ್ಲಿ ಗಟ್ಟಿ ಬಟ್ಟೆ ಇರಬೇಕು. ಚಳಿಗೂ ಮಳೆಗೂ ಮೇಲಿಂದ ತೊಡಲು ಸಾದಾ ರೇನ್‌ಕೋಟು ಸಾಕು. ಒಳಗೆ ಸೇರಿಸುವ ಮಳೆಪದರಕ್ಕೆಂದು ಹೆಚ್ಚು ದುಡ್ಡು ಕೊಡಬೇಕಿಲ್ಲ. ಮಳೆ ಶುರುವಾದಾಗ ರಸ್ತೆ ಪಕ್ಕದಲ್ಲಿ ಜಾಕೆಟ್ ಬಿಚ್ಚಿ ಅದನ್ನು ಜೋಡಿಸುವ ಹೊತ್ತಿಗೆ ಅರ್ಧ ನೆನೆದಿರುತ್ತೇವೆ.

ಇನ್ನು ದುಡ್ಡು ಯಾವುದಕ್ಕೆ ಮೊದಲು ಎಂಬ ಪ್ರಶ್ನೆ. ಹೆಲ್ಮೆಟ್ಟಿನ ಬಗ್ಗೆ ವಾದವೇ ಇಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 74,897 ದ್ವಿಚಕ್ರ ಸವಾರರು ಸತ್ತರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರಲ್ಲಿ 14,337 ಜನ ಹಿಂದೆ ಕೂತವರು. ಐಎಸ್ಐ ಗುರುತಿನ, ಕಿವಿ ಗಲ್ಲ ಮುಚ್ಚುವ ಪೂರ್ತಿ ಹೆಲ್ಮೆಟ್ ಇಬ್ಬರಿಗೂ ಇರಲೇಬೇಕು. ಅದು ಇಲ್ಲದಿದ್ದರೆ ಜಾಕೆಟ್ಟಿನ ಮಾತು ಆಮೇಲೆ.

ಹೆಲ್ಮೆಟ್ ಆದ ಮೇಲೆ ಎಲ್ಲರ ಕೈ ಜಾಕೆಟ್ಟಿನ ಕಡೆಗೇ ಹೋಗುತ್ತದೆ, ಫೋಟೋದಲ್ಲಿ ಕಾಣುವುದು ಅದೇ ತಾನೆ. ಆದರೆ ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಬಿದ್ದ 212 ಬೈಕ್ ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯದನ್ನು ಹೇಳುತ್ತದೆ. ಬೈಕಿನ ಜಾಕೆಟ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಂಭವ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆ ಇತ್ತು. ಬೈಕಿನ ಪ್ಯಾಂಟು ಅಥವಾ ಗ್ಲೌಸ್ ತೊಟ್ಟವರಲ್ಲಿ ಅದು ಅರ್ಧಕ್ಕೂ ಹೆಚ್ಚು ಕಡಿಮೆ. ಇನ್ನೊಂದು ಮಾತು ನಮ್ಮಂಥವರಿಗೇ ಹೇಳಿದಂತಿದೆ: ಬೈಕಿಗೆಂದೇ ಮಾಡಿರದ ಸಾದಾ ಎತ್ತರದ ಬೂಟು ಕೂಡ, ಶೂ ಅಥವಾ ಓಡುವ ಬೂಟಿಗೆ ಹೋಲಿಸಿದರೆ, ಗಾಯದ ಸಂಭವವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತ್ತು. ಅದೇ ಅಧ್ಯಯನದಲ್ಲಿ ಪರೀಕ್ಷಿಸಿದ ಜಾಕೆಟ್ಟುಗಳಲ್ಲಿ ಹತ್ತಕ್ಕೆ ಮೂರರಂತೆ ಹರಿದೋ ಹೊಲಿಗೆ ಬಿಟ್ಟೋ ಸೋತಿದ್ದವು. ಹಾಗಾಗಿ ನನ್ನ ಸರದಿ ಹೀಗಾಯಿತು: ಹೆಲ್ಮೆಟ್, ಗ್ಲೌಸ್, ಬೂಟು, ಆಮೇಲೆ ಜಾಕೆಟ್.

ಜಾಕೆಟ್ಟಿನಲ್ಲಿ ನೋಡಬೇಕಾದ್ದು ಹೊರಗಿನ ಬಣ್ಣವಲ್ಲ, ಒಳಗಿನ ಚೀಟಿ. ಯುರೋಪಿನ ಇಎನ್ 17092 ಮಾನದಂಡದಲ್ಲಿ ಬಟ್ಟೆಗೆ ಎಎಎ, ಎಎ, ಎ ಎಂಬ ದರ್ಜೆಗಳಿವೆ. ಎಎಎ ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ತೂಕವೂ ಸೆಕೆಯೂ ಹೆಚ್ಚು. ಹಗುರವಾದ ಮೆಶ್ ಜಾಕೆಟ್ಟುಗಳು ಸಾಮಾನ್ಯವಾಗಿ ಎ ದರ್ಜೆಯವು. ನಮ್ಮಲ್ಲಿ ಹೆಲ್ಮೆಟ್ಟಿಗೆ ಐಎಸ್ಐ ಇದ್ದಂತೆ ಜಾಕೆಟ್ಟಿಗೆ ಕಡ್ಡಾಯದ ಮುದ್ರೆ ಇಲ್ಲ. ಹಾಗಾಗಿ ಚೀಟಿಯೇ ಇಲ್ಲದ ‘ರೈಡಿಂಗ್ ಜಾಕೆಟ್’ಗಳೂ ಧಾರಾಳ. ಭುಜ, ಮೊಣಕೈಯ ಜೇಬಿನೊಳಗೆ ಕೈ ಹಾಕಿ ಕವಚವನ್ನು ಹೊರತೆಗೆಯಿರಿ. ಅದರ ಮೇಲೆ ಇಎನ್ 1621-1 ಎಂದೂ, ಬೈಕ್ ಸವಾರನ ಚಿತ್ರವೂ, 1 ಅಥವಾ 2 ಎಂಬ ಮಟ್ಟವೂ ಅಚ್ಚಾಗಿರಬೇಕು. ಪೆಟ್ಟು ಕೊಟ್ಟು ಪರೀಕ್ಷಿಸಿದಾಗ ಕವಚ ದಾಟಿ ಒಳಗೆ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಮಟ್ಟ 1, 20 ಮೀರದಿದ್ದರೆ ಮಟ್ಟ 2. ಬೆನ್ನಿನ ಜೇಬನ್ನೂ ಬಿಡಬೇಡಿ. ಕಡಿಮೆ ಬೆಲೆಯ ಬಹಳಷ್ಟು ಜಾಕೆಟ್ಟುಗಳಲ್ಲಿ ಅಲ್ಲಿರುವುದು ಬರಿ ಸ್ಪಂಜು. ಬೆನ್ನಿನ ಕವಚಕ್ಕೆ ಇಎನ್ 1621-2 ಎಂದಿರಬೇಕು. ಇಲ್ಲದಿದ್ದರೆ ಅದನ್ನು ಬೇರೆಯಾಗಿ ಕೊಂಡು ಹಾಕಬೇಕು.

ರೈನಾಕ್ಸ್, ವಯಾಟೆರಾ, ರೈಡಾ, ರಾಯಲ್ ಎನ್‌ಫೀಲ್ಡ್‌ನಂಥ ನಮ್ಮ ದೇಶದ ಹೆಸರುಗಳು ಬಂದ ಮೇಲೆ ಆಯ್ಕೆ ಸುಲಭವಾಗಿದೆ. ಆದರೆ ಹೆಸರು ಯಾವುದಾದರೂ ತೊಟ್ಟು ನೋಡದೆ ಕೊಳ್ಳಬೇಡಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಏನೂ ತಿಳಿಯದು. ಹೊರಗೆ ನಿಂತ ನಿಮ್ಮ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ತೋಳು ಮಣಿಕಟ್ಟಿನ ಮೇಲೆ ಸರಿಯಬಾರದು, ಬೆನ್ನು ತೆರೆದುಕೊಳ್ಳಬಾರದು. ಯಾರಾದರೂ ಮೊಣಕೈಯ ಕವಚ ಹಿಡಿದು ತಿರುಗಿಸಿದರೆ ಅದು ಪಕ್ಕಕ್ಕೆ ಹೋಗಬಾರದು. ಬೀಳುವಾಗ ಪಕ್ಕಕ್ಕೆ ಸರಿದ ಕವಚ ಇದ್ದೂ ಇಲ್ಲದಂತೆ. ತಂಗಿಗೆ ಇದೇ ಕಷ್ಟವಾಯಿತು. ಹೆಂಗಸರ ಅಳತೆ ಎಂದರೆ ಅಂಗಡಿಯವರು ಗಂಡಸರ ಸ್ಮಾಲ್ ಸೈಜು ತೋರಿಸುತ್ತಾರೆ: ಭುಜದಲ್ಲಿ ಸಡಿಲ, ಸೊಂಟದಲ್ಲಿ ಬಿಗಿ. ನಾಲ್ಕು ಅಂಗಡಿ ತಿರುಗಿದ ಮೇಲೆ, ಹಿಂದಿನ ವರ್ಷದ ಬಣ್ಣ ಎಂದು ಬೆಲೆ ಇಳಿಸಿದ್ದ ಒಂದು ಸಿಕ್ಕಿತು.

ಬೂಟು ಆರಿಸುವಾಗ ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ಹಿಂಡಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ಬೇಡ. ಹರಡಿನ ಮೂಳೆ ಪೂರ್ತಿ ಮುಚ್ಚಬೇಕು, ಹಿಮ್ಮಡಿ ಗಟ್ಟಿ ಇರಬೇಕು. ಇಎನ್ 13634 ಚೀಟಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಎತ್ತರ, ಉಜ್ಜಾಟ ತಡೆಯುವ ಶಕ್ತಿ, ಕೊಯ್ತ ತಡೆಯುವ ಶಕ್ತಿ, ಅಡ್ಡಕ್ಕೆ ಒತ್ತಿದಾಗಿನ ಬಿಗಿ. ಪ್ರತಿಯೊಂದೂ 1 ಅಥವಾ 2. ಗಾಡಿ ಕಾಲ ಮೇಲೆ ಬಿದ್ದಾಗ ಕೆಲಸಕ್ಕೆ ಬರುವುದು ಕೊನೆಯದು. ನನಗೆ ಅಂಥ ಬೂಟು ಕೊಂಡೆ. ತಂಗಿಗೂ ಅದನ್ನೇ ಕೊಳ್ಳಲು ದುಡ್ಡಿರಲಿಲ್ಲ. ಸಿಕಂದರಾಬಾದಿನ ರಾಣಿಗಂಜಿಗೆ ಹೋದೆವು. ಪೈಪು, ಮೋಟರು, ಕಾರ್ಖಾನೆಯ ಸಾಮಾನುಗಳ ಆ ಪೇಟೆಯಲ್ಲಿ ಕಾರ್ಮಿಕರ ಸುರಕ್ಷಾ ಬೂಟು ಸಿಗುತ್ತದೆ. ಐಎಸ್ 15298 ಮುದ್ರೆ ನೋಡಿ ಎತ್ತರದ ಚರ್ಮದ ಜೋಡಿ ತೆಗೆದೆವು. ಗಾಡಿ ಓಡಿಸುವವರಿಗೆ ಅದರ ದಪ್ಪ ಮೂತಿ ಗೇರ್ ಲಿವರಿನ ಕೆಳಗೆ ಹೋಗುವುದು ಕಷ್ಟ. ಹಿಂದೆ ಕೂರುವವರಿಗೆ ಆ ತೊಂದರೆ ಇಲ್ಲ. ಲೇಸಿನ ತುದಿಯನ್ನು ಮಾತ್ರ ಬೂಟಿನೊಳಗೆ ತುರುಕಬೇಕು. ಸರಪಳಿ, ಫುಟ್‌ರೆಸ್ಟ್ ಎರಡೂ ಅದಕ್ಕಾಗಿ ಕಾಯುತ್ತಿರುತ್ತವೆ.

ಲೆಕ್ಕ ಇಲ್ಲಿದೆ. ನನ್ನ ಹೆಲ್ಮೆಟ್ ಮೊದಲೇ ಇತ್ತು. ತಂಗಿಯ ಹೆಲ್ಮೆಟ್ 2,000. ಗ್ಲೌಸ್ ನನಗೆ 1,500, ಅವಳಿಗೆ 1,200. ನನ್ನ ಬೂಟು 4,800, ಅವಳದು 1,800. ನನ್ನ ಮೆಶ್ ಜಾಕೆಟ್ 5,500, ಅವಳದು 3,200. ಒಟ್ಟು 20,000. ಬೆಲೆ ಏರಿಳಿಯುತ್ತದೆ, ಸರದಿ ಬದಲಾಗುವುದಿಲ್ಲ. ಮಂಡಿಗೆ ಏನೂ ಉಳಿಯಲಿಲ್ಲ. ಸಾದಾ ಜೀನ್ಸ್ ಡಾಂಬರಿನ ಮೇಲೆ ಹೆಚ್ಚು ಹೊತ್ತು ಬಾಳುವುದಿಲ್ಲ ಎಂದು ಗೊತ್ತಿದ್ದರಿಂದ ಮುಂದಿನ ಎರಡು ತಿಂಗಳ ಸಂಬಳದಲ್ಲಿ ಇಬ್ಬರಿಗೂ ಪ್ಯಾಂಟಿನ ಮೇಲೆ ಕಟ್ಟುವ ಮಂಡಿಕವಚ ಬಂತು. ಹಳೆಯ ಸಾಮಾನು ಕೊಳ್ಳುವವರಿಗೆ ಒಂದು ಮಾತು: ಜಾಕೆಟ್ಟಾದರೆ ಹೊಲಿಗೆ, ಕವಚ ನೋಡಿ ಕೊಳ್ಳಬಹುದು. ಹೆಲ್ಮೆಟ್ ಮಾತ್ರ ಹಳೆಯದು ಬೇಡ. ಒಮ್ಮೆ ಪೆಟ್ಟು ತಿಂದದ್ದು ಹೊರಗಿನಿಂದ ಕಾಣುವುದಿಲ್ಲ.

ಮಾದಾಪುರದಲ್ಲಿ ಹಗಲೂ ರಾತ್ರಿ ಊಟ ಹಂಚುವ ಹುಡುಗರನ್ನು ನೋಡುತ್ತೇನೆ. ಬಹುತೇಕರ ಕಾಲಲ್ಲಿ ಚಪ್ಪಲಿ. ಅವರಲ್ಲೂ ನಮ್ಮ ಕಡೆಯವರಿದ್ದಾರೆ. ಅವರಿಗೆ 20,000ದ ಮಾತು ಹೇಳುವುದು ಅಧಿಕಪ್ರಸಂಗ. ಆದರೆ ರಾಣಿಗಂಜಿನ ಬೂಟಿನ ಮಾತು ಹೇಳುತ್ತೇನೆ, ಒಂದಿಬ್ಬರು ಹೋಗಿ ತಂದದ್ದೂ ಉಂಟು.

ಹೊಸ ಸಾಮಾನು ತೊಟ್ಟು ಮೊದಲ ಸಲ ಭಾಲ್ಕಿಗೆ ಹೋದಾಗ ಅವ್ವ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ‘ಯುದ್ಧಕ್ಕ ಹೊಂಟೀರೇನು?’ ಅಂದಳು. ಮರುದಿನ ಬೆಳಗ್ಗೆ ಎರಡೂ ಜಾಕೆಟ್ಟು ಒಗೆಯುವ ಕಲ್ಲಿನ ಪಕ್ಕ ಬಕೆಟ್ಟಿನಲ್ಲಿದ್ದವು. ತಂಗಿ ಓಡಿಹೋಗಿ ಒಂದೊಂದೇ ಕವಚ ಹೊರತೆಗೆದು ನೆರಳಿಗಿಟ್ಟಳು. ಕವಚ ತೆಗೆದ ಮೇಲೆ ಬಟ್ಟೆಯನ್ನು ತಣ್ಣೀರಲ್ಲಿ ಕೈಯಿಂದ ತೊಳೆಯಬಹುದು, ಕಲ್ಲಿಗೆ ಮಾತ್ರ ಬಡಿಯಬಾರದು. ಅವ್ವನಿಗೆ ಅದನ್ನು ಒಪ್ಪಿಸಲು ಇಡೀ ಬೆಳಗು ಬೇಕಾಯಿತು.