ಓಕ್ ಮರಗಳ ಕೆಳಗೆ

ಪೋಲೆಂಡ್ ಮತ್ತು ಬೆಲಾರೂಸ್ ದೇಶಗಳ ಗಡಿಯಲ್ಲಿ ಬಿಯಾವೊವಿಯೆಜಾ ಎಂಬ ಪುರಾತನ ಅರಣ್ಯವಿದೆ. ಅಲ್ಲಿ ಮುಗಿಲೆತ್ತರದ ಓಕ್ ಮರಗಳ ಕೆಳಗೆ ನೆಲವು ಉತ್ತ ಹೊಲದಂತೆ ಕಾಣುವುದುಂಟು. ಅದು ಕಾಡುಹಂದಿಗಳ ಕೆಲಸ. ಓಕ್ ಕಾಯಿ, ಗೆಡ್ಡೆ, ಎರೆಹುಳುಗಳಿಗಾಗಿ ಅವು ಮಣ್ಣನ್ನು ಕೆದಕುತ್ತವೆ.

ಆ ಎರೆಹುಳುವಿನ ಒಡಲಲ್ಲಿಯೇ ಶತ್ರುವೂ ಅಡಗಿರುತ್ತಾನೆ. ಶ್ವಾಸಕೋಶದ ಜಂತುವಿನ ಮರಿಹುಳುಗಳು ಅದರೊಡನೆ ಹಂದಿಯ ಹೊಟ್ಟೆ ಸೇರಿ, ಶ್ವಾಸನಾಳಗಳನ್ನು ತಲಪಿ ಬೆಳೆಯುತ್ತವೆ. ಅವುಗಳ ಮೊಟ್ಟೆಗಳು ಕೆಮ್ಮಿನೊಡನೆ ಗಂಟಲಿಗೆ ಬಂದು, ಹೊಟ್ಟೆಗಿಳಿದು, ಮಲದ ಮೂಲಕ ಮತ್ತೆ ಮಣ್ಣನ್ನು ಸೇರುತ್ತವೆ.

ಕೊಬ್ಬಿದ ಹಂದಿ ಈ ಹೊರೆಯನ್ನು ಹೊತ್ತೂ ಸುಖವಾಗಿರಬಲ್ಲುದು. ಪಟ್ಟೆ ಮೈಯ ಮರಿಯಾದರೋ ಕೆಮ್ಮುತ್ತ ಕೃಶವಾಗುತ್ತದೆ. ಓಕ್ ಕಾಯಿ ಉದುರದ ವರ್ಷ ಹಿಮ, ಹಸಿವು, ಜಂತು ಮೂರೂ ಒಂದಾಗುತ್ತವೆ. ವಸಂತದಲ್ಲಿ ತಾಯಿಯ ಹಿಂದೆ ಎಷ್ಟು ಮರಿಗಳು ನಡೆಯುವುವೆಂಬುದನ್ನು ಹಿಂದಿನ ಶರತ್ಕಾಲದ ಓಕ್ ಕಾಯಿಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ.