ಕಾರು ತಗ್ಗಿಸುವ ಲೆಕ್ಕ

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರ ಪಾಡು ನಿಮಗೆ ಗೊತ್ತಲ್ಲ. ಆಫೀಸಿನಲ್ಲಿ ನಾವು ಜಾವಾ ಬರೆಯುವವರು. ಊರಿನಲ್ಲಿ ಮಾತ್ರ ಇನ್ನೂ ಇಂಜಿನಿಯರ್ರು! ಮಿಕ್ಸಿ ಕೆಟ್ಟರೂ, ಬಾವಿಯ ಪಂಪು ನೀರೆತ್ತದಿದ್ದರೂ ಫೋನು ನಮಗೇ. ಆದರೆ ಈ ಸಲ ಬಂದ ಪ್ರಶ್ನೆ ನಿಜಕ್ಕೂ ನನ್ನ ಡಿಗ್ರಿಗೆ ಸಂಬಂಧಪಟ್ಟಿದ್ದು.

ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿರುವ ಚಿಕ್ಕಪ್ಪನ ಮಗ, ಇಪ್ಪತ್ಮೂರರ ಹುಡುಗ, ಸ್ವಂತ ದುಡಿಮೆಯಲ್ಲಿ 2012ರ ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್ ವಿಎಕ್ಸ್‌ಐ ತಗೊಂಡಿದ್ದಾನೆ. "ಅಣ್ಣ, ಗಾಡಿ ಸ್ವಲ್ಪ ಇಳಿಸ್ಬೇಕು ಅಂತಿದೀನಿ. ಗ್ಯಾರೇಜಿನವ್ರು ಸ್ಪ್ರಿಂಗು ಒಂದೊಂದು ಸುತ್ತು ಕಟ್ ಮಾಡಿದ್ರೆ ಆಯ್ತು, ಮೂರು ಸಾವಿರ ಸಾಕು ಅಂತಾರೆ. ಮಾಡಿಸ್ಲಾ?"

ಇಳಿಸೋದು ಅಂದರೆ ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಗ್ಯಾಪು ಕಮ್ಮಿಯಾಗಿ ಕಾರು ನೆಲಕ್ಕೆ ಅಂಟಿದ ಹಾಗೆ ಕಾಣಬೇಕು. ಮನೆಯಲ್ಲಿ ಎಲ್ಲರೂ ಅವನಿಗೆ ಆಗಲೇ ಬೈದು ಮುಗಿಸಿದ್ದರು. ನಾನು ಬೈಯಲಿಲ್ಲ. ಮೊದಲ ಕಾರು ಚೆಂದ ಕಾಣಬೇಕು ಅನ್ನೋದರಲ್ಲಿ ತಪ್ಪೇನಿದೆ? ಆದರೆ ಅದೇ ಕಾರಿನ ಹಿಂದಿನ ಸೀಟಲ್ಲಿ ಕೂತು ಚಿಕ್ಕಪ್ಪ ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿಬರಬೇಕು, ಬೆನ್ನಿನ ಆಪರೇಷನ್ ಆದ ಮೇಲಿನ ಫಿಸಿಯೋಥೆರಪಿಗೆ. ನನಗೆ ಚಿಂತೆಯಾಗಿದ್ದು ಅದು.

ಕಡಿಮೆ ದುಡ್ಡಲ್ಲಿ ಕಾರು ತಗ್ಗಿಸುವ ಹುಚ್ಚು ಹೊಸದೇನಲ್ಲ ಬಿಡಿ. 1940ರ ದಶಕದಲ್ಲೇ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಅಮೆರಿಕನ್ ಹುಡುಗರು ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿಕೊಂಡು, ಸ್ಪ್ರಿಂಗ್ ಕತ್ತರಿಸಿ ಹಳೇ ಕಾರುಗಳನ್ನು ತಗ್ಗಿಸುತ್ತಿದ್ದರು. ಚಕ್ರದ ರಿಮ್ಮಿಗಿಂತ ಕೆಳಕ್ಕೆ ಕಾರಿನ ಮೈ ಬರಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ರಾನ್ ಅಗಿರೆ ಎಂಬಾತ 1959ರಲ್ಲಿ ತನ್ನ ಕಾರಿಗೆ ಹೈಡ್ರಾಲಿಕ್ ಪಂಪು ಜೋಡಿಸಿದ. ಪೊಲೀಸರು ಕಂಡರೆ ಮೇಲೆ, ಅವರು ಹೋದ ಮೇಲೆ ಕೆಳಗೆ :-) ಆ ಕಾನೂನು ರದ್ದಾಗಿದ್ದು 2024ರಲ್ಲಿ.

ಸರಿ, ನಮ್ಮ ಸ್ಪ್ರಿಂಗಿಗೆ ಬರೋಣ. ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ತಗೊಳ್ತೀನಿ. ಆರು ಸುತ್ತಿನ ಸ್ಪ್ರಿಂಗು, ಒಂದು ಸೆಂಟಿಮೀಟರ್ ಕುಗ್ಗಲು 20 ಕೆಜಿ ಬೇಕು ಅನ್ನಿ. ಮುಂದಿನ ಒಂದು ಚಕ್ರದ ಮೇಲೆ 300 ಕೆಜಿ ಭಾರ ಇದ್ದರೆ ಅದು 15 ಸೆಂ.ಮೀ. ಕುಗ್ಗಿ ಕೂತಿರುತ್ತದೆ. ಈಗ ಒಂದು ಸುತ್ತು ಕತ್ತರಿಸಿ. ಉದ್ದದಲ್ಲಿ ಐದೂವರೆ ಸೆಂ.ಮೀ. ಹೋಯಿತು. ಆದರೆ ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ. ಆರು ಐದಾದರೆ 20 ಕೆಜಿ ಇದ್ದದ್ದು 24 ಆಗುತ್ತದೆ. ಅದೇ 300 ಕೆಜಿಗೆ ಈಗ ಕುಗ್ಗುವುದು ಹನ್ನೆರಡೂವರೆ ಸೆಂ.ಮೀ. ಮಾತ್ರ. ಅಂದರೆ ಕತ್ತರಿಸಿದ್ದು ಐದೂವರೆ, ಕಾರು ಇಳಿದದ್ದು ಮೂರು!

ಉಳಿದ ಎರಡೂವರೆ ಸೆಂ.ಮೀ. ಎಲ್ಲಿ ಹೋಯಿತು ಅನ್ನೋದನ್ನ ಗ್ಯಾರೇಜಿನವರು ಹೇಳುವುದಿಲ್ಲ. ಶಾಕ್ ಅಬ್ಸಾರ್ಬರ್‌ನ ಪೂರ್ತಿ ಉದ್ದ ಬದಲಾಗಿಲ್ಲವಲ್ಲ. ಚಕ್ರ ಗುಂಡಿಯಲ್ಲಿ ಇಳಿದು ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡಾಗ, ಮೊಟಕಾದ ಸ್ಪ್ರಿಂಗಿಗೆ ಎರಡೂ ಕಡೆ ತಲುಪಲು ಆಗುವುದಿಲ್ಲ, ಸಡಿಲವಾಗುತ್ತದೆ. ಸ್ವಿಫ್ಟಿನ ಹಿಂದುಗಡೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಬೇರೆ ಬೇರೆ ನಿಂತಿರುತ್ತವೆ. ಅಲ್ಲಿ ಸಡಿಲವಾದ ಸ್ಪ್ರಿಂಗು ತನ್ನ ಕೂರುವ ಜಾಗದಿಂದ ಜಾರಲೂಬಹುದು. ಕತ್ತರಿಸುವ ಬದಲು ಗ್ಯಾಸ್ ಕಟರಿನಲ್ಲಿ ಕಾಯಿಸಿ ಕುಗ್ಗಿಸುವವರೂ ಇದ್ದಾರೆ. ಅದಂತೂ ಬೇಡವೇ ಬೇಡ. ಸ್ಪ್ರಿಂಗ್ ಉಕ್ಕಿಗೆ ಹದ ಬಂದಿರುವುದೇ ಅಳತೆಯ ಶಾಖದಿಂದ. ಮತ್ತೆ ಕೆಂಪಗೆ ಕಾಯಿಸಿದರೆ ಆ ಹದ ಹೋಗಿ, ದಿನಾ ಸ್ವಲ್ಪ ಸ್ವಲ್ಪ ಕುಸಿಯುತ್ತಾ ಹೋಗುತ್ತದೆ, ಎಡಕ್ಕೊಂದಷ್ಟು, ಬಲಕ್ಕೊಂದಷ್ಟು.

ಇನ್ನು ಚಿಕ್ಕಪ್ಪನ ಬೆನ್ನಿನ ವಿಷಯ. ಮೂರು ಸೆಂ.ಮೀ. ಇಳಿದರೆ ಚಕ್ರ ಮೇಲೇರಲು ಇರುವ ಜಾಗವೂ ಮೂರು ಸೆಂ.ಮೀ. ಕಮ್ಮಿ. ಹಂಪಿನ ಮೇಲೆ ಅದು ಬೇಗ ಮುಗಿದು ಕೊನೆಯ ರಬ್ಬರಿಗೆ ಗುದ್ದುತ್ತದೆ. ಗುದ್ದು ಸೀದಾ ಸೀಟಿಗೆ. ಸದ್ದು ಬರಬಾರದು ಅಂತ ಆ ರಬ್ಬರನ್ನೂ ಅರ್ಧ ಕತ್ತರಿಸುತ್ತಾರಂತೆ! ಆಮೇಲೆ ಗುದ್ದೋದು ಶಾಕ್ ಅಬ್ಸಾರ್ಬರ್‌ನ ಹೊಟ್ಟೆಗೇ.

"ಹಾಗಾದ್ರೆ ಕಂಪನಿ ಲೋವರಿಂಗ್ ಸ್ಪ್ರಿಂಗ್ ಹಾಕ್ಸ್ಲಾ?" ಅಂದ. ಅದು ಎಷ್ಟೋ ವಾಸಿ. ಎಷ್ಟು ಉದ್ದ, ಎಷ್ಟು ಗಡುಸು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಅಂಚು ಸವೆಯುತ್ತದೆ, ಅಷ್ಟೇ. ಆದರೆ ಅವನ ಬಜೆಟ್ಟು ಅಲ್ಲಿಯವರೆಗೆ ಹೋಗಲ್ಲ. ಜೊತೆಗೆ ಮೋಟಾರು ವಾಹನ ಕಾಯ್ದೆ ಬೇರೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಮಾಡಬಾರದು ಅಂತ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು.

ನಾನು ಹೇಳಿದ್ದು ಇಷ್ಟೇ: ಒಂದು ಪೈಸೆ ಖರ್ಚಿಲ್ಲದೆ ಲಾಸ್ ಏಂಜಲೀಸ್ ಹುಡುಗರ ಹಾಗೆ ಮಾಡಿ ನೋಡು. ಮನೆ ರಿಪೇರಿಗೆ ತಂದ ಸಿಮೆಂಟು ಇತ್ತು. ಡಿಕ್ಕಿಯಲ್ಲಿ ಎರಡು ಚೀಲ, ಅಂದರೆ 100 ಕೆಜಿ ಇಟ್ಟರೆ ಹಿಂಭಾಗ ಎರಡು ಎರಡೂವರೆ ಸೆಂ.ಮೀ. ಇಳಿಯುತ್ತದೆ. ಗಡುಸುತನ ಗೊತ್ತಾಗಲ್ಲ, ಆದರೆ ಎಲ್ಲೆಲ್ಲಿ ತಳ ತಾಗುತ್ತೆ ಅಂತ ಗೊತ್ತಾಗತ್ತೆ. ಜೊತೆಗೊಂದು ಟೇಪು ಇಟ್ಕೋ ಅಂದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಷ್ಟು ಅಗಲವಿದ್ದರೆ ಕಾರಿನ ನಾಲ್ಕೂ ಚಕ್ರ ಒಟ್ಟಿಗೇ ಹಂಪಿನ ಮೇಲಿರುತ್ತವೆ. ಹೊಟ್ಟೆಯ ಕೆಳಗೆ ನಿಜಕ್ಕೂ ಉಬ್ಬಿರುವುದು ನಾಲ್ಕು ಸೆಂ.ಮೀ. ಚಿಲ್ಲರೆ. 17 ಸೆಂ.ಮೀ. ಕ್ಲಿಯರೆನ್ಸ್ ಇರುವ ಸ್ವಿಫ್ಟನ್ನು ಮೂರು ಇಳಿಸಿದರೂ ಏನೂ ಆಗಲ್ಲ. ನಮ್ಮೂರ ಶಾಲೆ ಮುಂದೆ ಇರೋದು? ಅವನು ಅಳೆದು ಕಳಿಸಿದ: ಅಗಲ 45 ಸೆಂ.ಮೀ., ಎತ್ತರ 16. ಮುಂದಿನ ಚಕ್ರ ದಾಟಿದ ಮೇಲೆ ಅಷ್ಟೂ ಎತ್ತರ ಹೊಟ್ಟೆಯ ಕೆಳಗೇ! ಸೈಲೆನ್ಸರ್ ಕರ್ರ್ರ್ ಅಂತಂತೆ. ಹಿಂದೆ ಕೂತಿದ್ದ ಚಿಕ್ಕಪ್ಪ, "ಪಿಡಬ್ಲ್ಯುಡಿಯವರು ಅಳೀಲಿಲ್ಲ, ನೀನಾದ್ರೂ ಅಳಿ ಮಾರಾಯ" ಅಂದರಂತೆ.

ಸ್ಪ್ರಿಂಗಿನ ತಂಟೆಗೆ ಹೋಗಲಿಲ್ಲ ಕೊನೆಗೆ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಎಣ್ಣೆ ಸೋರಿ ಸತ್ತಿದ್ದವು, ಅವನ್ನು ಹಾಕಿಸಿದ. ಅವನ ಗಾಡಿಗೆ ಇದ್ದದ್ದು 165/80 ಆರ್14 ಟೈರು. ಅದೇ ಮಾಡೆಲಿನ ಜೆಡ್‌ಎಕ್ಸ್‌ಐಗೆ ಕಂಪನಿಯೇ ಕೊಡುತ್ತಿದ್ದದ್ದು 185/65 ಆರ್15. ಎರಡರ ಒಟ್ಟು ಎತ್ತರಕ್ಕೆ ಎರಡು ಮಿಲಿಮೀಟರ್ ವ್ಯತ್ಯಾಸ. ಆದರೆ ಅಗಲ ಜಾಸ್ತಿ, ಟೈರಿನ ಪಕ್ಕೆ ಕಮ್ಮಿ, ನೋಡಕ್ಕೆ ಗಾಡಿ ತಗ್ಗಿದ ಹಾಗೇ ಕಾಣುತ್ತದೆ. ಶಿವಮೊಗ್ಗದಲ್ಲಿ ಯಾರೋ ಬಿಚ್ಚಿಟ್ಟಿದ್ದ ಜೆಡ್‌ಎಕ್ಸ್‌ಐ ಅಲಾಯ್ ಸೆಟ್ಟು ಸಿಕ್ಕಿತು.

ಮೊನ್ನೆ ಫೋಟೋ ಕಳಿಸಿದ್ದ. "ಗ್ಯಾಪು ಹಾಗೇ ಇದೆ, ಆದ್ರೂ ಚೆನ್ನಾಗಿದೆ ಅಲ್ವಾ ಅಣ್ಣ?" ಚೆನ್ನಾಗೇ ಇದೆ ಅಂದೆ. ನಿಮ್ಮ ಹತ್ತಿರ ಹೇಳಬಹುದು, ಅದೊಂದು ಮೂರು ಸೆಂಟಿಮೀಟರ್ ಇಳಿದಿದ್ದರೆ ಇನ್ನೂ ಚೆನ್ನಾಗಿ ಕಾಣ್ತಿತ್ತು. ಅವನಿಗೆ ಹೇಳಿಲ್ಲ :-)