ಗದೆ ಹಿಡಿದ ಪೂಜಾರಿಣಿ

ಕ್ಲೆರಿಕ್ ಅಂದರೆ ಯಾರು ಗೊತ್ತೇ? ನಮ್ಮ ಕಚೇರಿಗಳ ಕ್ಲಾರ್ಕಿಗೂ ಈ ಹೆಸರಿಗೂ ಬೇರು ಒಂದೇ. ಹಿಂದೆ ಯೂರೋಪಿನಲ್ಲಿ ಓದು ಬರಹ ಬಲ್ಲವರೆಂದರೆ ಹೆಚ್ಚಾಗಿ ಪಾದ್ರಿಗಳೇ ಆಗಿದ್ದರಲ್ಲ, ಅದಕ್ಕೆ. ಆದರೆ ನಾನು ಹೇಳಹೊರಟಿರುವ ಕ್ಲೆರಿಕ್ ಕಡತ ಬರೆಯುವವಳೂ ಅಲ್ಲ, ಬರೀ ಗಂಟೆ ಬಾರಿಸುವವಳೂ ಅಲ್ಲ. ಮೈತುಂಬ ಕಬ್ಬಿಣದ ಕವಚ ತೊಟ್ಟು, ಗದೆ ಹಿಡಿದು, ದೆವ್ವಗಳನ್ನು ಓಡಿಸಿ, ಏಟು ತಿಂದವರಿಗೆ ಮಂತ್ರ ಹಾಕಿ ಎಬ್ಬಿಸುವವಳು. ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ಮಗಳು ಪ್ರತಿ ಶನಿವಾರ ಸಂಜೆ ಆಗುವುದು ಇದೇ!

ಹೋದ ವರ್ಷ ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಶನಿವಾರ ಬಂತೆಂದರೆ ಊಟದ ಮೇಜಿನ ಸುತ್ತ ನಾಲ್ಕೈದು ಗೆಳೆಯರು ಜಮಾಯಿಸುತ್ತಿದ್ದರು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳು. ಏಟು ತಗುಲಿತೋ ತಪ್ಪಿತೋ ಅನ್ನುವುದನ್ನು 20 ಮುಖದ ದಾಳ ಹೇಳಬೇಕು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ವಿಸ್ಕಾನ್ಸಿನ್ನಿನ ಗ್ಯಾರಿ ಗೈಗ್ಯಾಕ್ಸ್, ಮಿನೆಸೋಟಾದ ಡೇವ್ ಆರ್ನೆಸನ್ ಇಬ್ಬರೂ ಸೇರಿ ರಚಿಸಿದ್ದು, 1974ರಲ್ಲಿ ಹೊರಬಂದದ್ದು. ಇವರು ಆಡುವುದು ಆ ಹಳೆಯ ಮೂರು ಪುಟ್ಟ ಪುಸ್ತಕಗಳ ಪ್ರಕಾರವೇ.

ಆಗ ಇದ್ದದ್ದು ಮೂರೇ ಬಗೆಯ ಪಾತ್ರ. ಒಬ್ಬ ಫೈಟಿಂಗ್ ಮ್ಯಾನ್, ಅಂದರೆ ಕಾದಾಡುವ ಗಂಡಸು. (ಹೆಂಗಸು ಕತ್ತಿ ಹಿಡಿದರೂ ಹೆಸರು ಮಾತ್ರ ಅದೇ, ನೋಡಿ!) 1978ರ ಪುಸ್ತಕದಲ್ಲಿ ಆ ಗಂಡಸು ಬಿಟ್ಟುಹೋಗಿ ಬರೀ ಫೈಟರ್ ಆಯಿತು. ಎರಡನೆಯವ ಮ್ಯಾಜಿಕ್ ಯೂಸರ್, ಮಂತ್ರವಾದಿ. 2000ದ ಹೊತ್ತಿಗೆ ಅವನೂ ವಿಝರ್ಡ್ ಎಂದು ಹೆಸರು ಬದಲಿಸಿಕೊಂಡ. ಹೆಸರು ಬದಲಾಗದೆ ಉಳಿದವಳು ಕ್ಲೆರಿಕ್ ಒಬ್ಬಳೇ.

ಅವಳು ಹುಟ್ಟಿದ್ದೇ ಒಂದು ತಮಾಷೆ. ಆರ್ನೆಸನ್ನನ ಮನೆಯಾಟದಲ್ಲಿ ಆಟಗಾರನೊಬ್ಬ ರಕ್ತ ಹೀರುವ ಪಿಶಾಚಿಯಾಗಿ, ಯಾರ ಕೈಗೂ ಸಿಗದಷ್ಟು ಬಲಿತುಬಿಟ್ಟನಂತೆ. ಅವನನ್ನು ಹದ್ದುಬಸ್ತಿಗೆ ತರಲು ದೇವರ ಬಲವುಳ್ಳವರೊಬ್ಬರು ಬೇಕಾದರು. ಕತ್ತಿ ಹಿಡಿಯಬಾರದು, ಅಲಗಿಲ್ಲದ ಗದೆ ಸುತ್ತಿಗೆಗಳೇ ಆಗಬೇಕು ಅಂತ ಅವಳಿಗೊಂದು ಮಡಿ. ಗದೆಯಲ್ಲಿ ಹೊಡೆದರೆ ರಕ್ತ ಬರುವುದಿಲ್ಲವೇ ಅಂತ ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಬಿರುದುಗಳದ್ದು ಇನ್ನೊಂದು ಸೊಗಸು. ಮೆಟ್ಟಿಲೇರಿದಂತೆ ಕ್ಲೆರಿಕ್‌ಗೆ ಹೊಸ ಬಿರುದು. ಮೂರನೆಯದರಲ್ಲಿ ಊರ ಪೂಜಾರಿ, ನಾಲ್ಕರಲ್ಲಿ ವಿಕಾರ್, ಐದರಲ್ಲಿ ಕ್ಯುರೇಟ್. ಇಂಗ್ಲೆಂಡಿನ ಚರ್ಚುಗಳಲ್ಲಿ ವಿಕಾರರ ಕೈಕೆಳಗೆ ದುಡಿಯುವವನು ಕ್ಯುರೇಟ್. ಇಲ್ಲಿ ಅವನೇ ಮೇಲೆ! ಆರರಲ್ಲಿ ಬಿಷಪ್, ಎಂಟರಲ್ಲಿ ಪೇಟ್ರಿಯಾರ್ಕ್ ಅಂದರೆ ಪಿತಾಮಹ. ಇವರಿಬ್ಬರ ನಡುವೆ ಏಳನೆಯ ಮೆಟ್ಟಿಲಲ್ಲಿ ಯಾರು ಅಂತೀರಿ? ಲಾಮಾ! ಕುಶಾಲನಗರದವಳಾದ ನನಗೆ ನಗು ತಡೆಯಲಾಗಲಿಲ್ಲ. ಪಕ್ಕದ ಬೈಲಕುಪ್ಪೆಗೆ 1961ರಲ್ಲೇ ಟಿಬೆಟಿನವರು ಬಂದು ನೆಲೆಸಿದರು. ತರಕಾರಿ ಅಂಗಡಿಯಲ್ಲೂ ಬಸ್ಸಿನಲ್ಲೂ ಕೆಂಪು ನಿಲುವಂಗಿ ಕಂಡೇ ಬೆಳೆದವರು ನಾವು. ಪಾಪ, ಅವರನ್ನು ಬಿಷಪ್ಪರ ಮೇಲೆ ಹತ್ತಿಸಿ ಕೂರಿಸಿದ್ದಾರೆ!

ಆದರೂ ಒಂದು ವಿಷಯ ನನ್ನನ್ನು ಚುಚ್ಚುತ್ತಿತ್ತು. ಪಾತ್ರ ಆರಿಸುವಾಗ ಎಲ್ಲರಿಗೂ ಕತ್ತಿ ಬೇಕು, ಬೆಂಕಿಯುಂಡೆ ಎಸೆಯುವ ಮಂತ್ರ ಬೇಕು. ಗಾಯ ಮಾಯಿಸುವ ಕೆಲಸ ಯಾರಿಗೂ ಬೇಡ. ಕೊನೆಗೆ ನನ್ನ ಮಗಳೇ "ನಾನಾಗ್ತೀನಿ ಬಿಡಿ" ಅನ್ನಬೇಕು. ಏಳು ಸಮುದ್ರ ದಾಟಿ ಹೋದರೂ ಬಡಿಸುವ ಸೌಟು ನಮ್ಮ ಕೈಗೇ ಬರುತ್ತದಲ್ಲ ಅನ್ನಿಸಿತು.

ಒಂದು ರಾತ್ರಿ ಕಾದಾಡುವ ಹುಡುಗ ಯಾರ ಮಾತೂ ಕೇಳದೆ ಬಾಗಿಲು ಒದ್ದು ಒಳನುಗ್ಗಿದ. ಪ್ರತಿಯೊಬ್ಬರ ಮುಂದೂ ಒಂದು ಚೀಟಿ ಇರುತ್ತದೆ, ಅದರಲ್ಲಿ ಪ್ರಾಣ ಎಷ್ಟು ಉಳಿದಿದೆಯೆಂಬ ಲೆಕ್ಕ. ಅವನದು ಎರಡಕ್ಕೆ ಇಳಿಯಿತು. ಕವಚವಿಲ್ಲದ ಮಂತ್ರವಾದಿ ಹುಡುಗಿಯದು ಒಂದಕ್ಕೆ. ಮೂರನೆಯ ಮೆಟ್ಟಿಲಿನ ಕ್ಲೆರಿಕ್‌ಗೆ ದಿನಕ್ಕೆ ಎರಡೇ ಮಂತ್ರ. ಮಗಳ ಬಳಿ ಉಳಿದದ್ದು ಒಂದು. ದಾಳ ಉರುಳಿಸಿ ಬಿದ್ದದ್ದಕ್ಕೆ ಒಂದು ಕೂಡಿಸಬೇಕು; ಹೆಚ್ಚೆಂದರೆ ಏಳು ಸಿಗುತ್ತದೆ. ಅವಳು ಅದನ್ನು ಆ ಹುಡುಗಿಗೆ ಕೊಟ್ಟಳು. ಹುಡುಗ ಮುಖ ಊದಿಸಿಕೊಂಡ.

ಎಲ್ಲರೂ ಹೋದ ಮೇಲೆ, "ಪಾಪ, ಅವನಿಗೂ ಕೊಡಬಹುದಿತ್ತೇನೇ?" ಅಂದೆ.

"ಇರೋದೇ ಎರಡು ಅಮ್ಮ. ಯಾರಿಗೆ ಅಂತ ಹೇಳೋಳು ನಾನು. ಕೇಳಿದೋರಿಗೆಲ್ಲ ಕೊಡೋಕೆ ಅನ್ನಛತ್ರ ಇಟ್ಟಿಲ್ಲ," ಅಂದಳು. "ನನ್ನ ಕೇಳದೆ ಇನ್ಮೇಲೆ ಯಾವ ಬಾಗಿಲೂ ತೆಗೆಯಲ್ಲ, ನೋಡ್ತಿರು."

ಹಾಗೇ ಆಯಿತು ಕೂಡ. ಮುಂದಿನ ವಾರ ಆ ಹುಡುಗ ಬಾಗಿಲ ಮುಂದೆ ನಿಂತು, ಇವಳ ಮುಖ ನೋಡಿದ.

ನಮ್ಮ ಮನೆಯಲ್ಲಿ ನಾಲ್ಕು ಜನರಿಗೆ ಒಟ್ಟಿಗೆ ಜ್ವರ ಬಂದಾಗ ನಾನು ಎಷ್ಟು ಸಲ ಗಂಜಿ ಕಾಯಿಸಿದೆ ಅಂತ ಯಾರು ಬರೆದಿಟ್ಟರು? ಅಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾರೆ: ಇಷ್ಟಿತ್ತು, ಇವಳು ಇಷ್ಟು ಕೊಟ್ಟಳು, ಈಗ ಇಷ್ಟಾಯಿತು. ಆ ಚೀಟಿಗಳನ್ನು ಮೇಜಿನಿಂದ ಎತ್ತಿಡುವಾಗ ಒಂದೊಂದನ್ನೂ ಓದುತ್ತಿದ್ದೆ.

ಮೊನ್ನೆ ಫೋನ್ ಮಾಡಿದ್ದಳು. ಈಗ ವಿಕಾರ್ ಆಗಿದ್ದಾಳಂತೆ. ಲಾಮಾ ಆಗಲು ಇನ್ನೂ ಮೂರು ಮೆಟ್ಟಿಲಿದೆ.